ಕಳೆದವರ ಹೆಸರು

ಹೊಸಪೇಟೆಯ ಕೈಗಾರಿಕಾ ವಸ್ತುಪ್ರದರ್ಶನದ ಬಾಗಿಲಲ್ಲಿ ಸ್ವಯಂಸೇವಕನೊಬ್ಬ ತಗಡಿನ ತುತ್ತೂರಿ ಹಿಡಿದು ಸಾರುತ್ತಿದ್ದ: ಒಳಗೆ ಯಾರಾದರೂ ತಪ್ಪಿಸಿಕೊಂಡರೆ ಬಾವುಟದ ಕಂಬದ ಹತ್ತಿರ ಬಂದು ಅವರ ಹೆಸರು ಹೇಳಿ, ಕೂಗಿ ಕರೆಯುತ್ತೇವೆ. ಸಾಲಿನಲ್ಲಿ ರಾಧಾಬಾಯಿಯ ಮುಂದೆ ಬಂಡ್ರಿ ಕಡೆಯ ಮುದುಕಿಯೊಬ್ಬಳು ಕುರುಡ ಗಂಡನ ಕೈ ಹಿಡಿದು ನಿಂತಿದ್ದಳು.

“ಕೇಳಿದೇನು? ಮದ್ರಾಸಿನಿಂದ ತಂದಿಟ್ಟ ಇಂಜಿನ್ ಹತ್ರ ಭಾಳ ಮಂದಿ ಇರ್ತಾರ. ಕೈ ತಪ್ಪಿದ್ರ ಏನ್ ಮಾಡ್ತಿ?” ಎಂದ ಮುದುಕ.

“ಕಂಬದ ಹತ್ರ ಹೋಗ್ತೀನಿ.”

“ಹೋಗಿ ನನ್ನ ಹೆಸರು ಹೇಳ್ತಿಯೇನು?”

“ಶಿವನೇ! ಗಂಡನ ಹೆಸರು ಬಾಯಾಗ ತರ್ತಾರೇನ್ರಿ? ತಾಯಕ್ಕ ಅಂತ ನನ್ನ ಹೆಸರೇ ಕೂಗಸ್ತೀನಿ. ಕೇಳಿ ಬರ್ರಿ.”

“ತಾಯಕ್ಕ ಅನ್ನೋರು ಊರಿಗೆ ಹತ್ತು ಮಂದಿ ಅದಾರ. ಕಣ್ಣಿಲ್ಲದೋನು ಯಾವ ತಾಯಕ್ಕನ ಹತ್ರ ಹೋಗ್ಲಿ?”

ಸಾಲು ಒಂದಿಷ್ಟು ಮುಂದೆ ಸರಿಯಿತು.

“ಹೇಳ್ತೀನಿ ತಗೋರಿ. ನೀವು ಬರೋತನಕ ಹೇಳ್ತಾನೇ ಇರ್ತೀನಿ.”

“ಹಂಗಾದ್ರ ಒಂದ್ಸಲ ಕಳದೇ ಹೋಗ್ಲೇನು?”

“ಸುಮ್ಕ ನಡೀರಿ,” ಎಂದು ಆಕೆ ಅವನ ಕೈಯನ್ನು ಎರಡೂ ಕೈಗಳಿಂದ ಹಿಡಿದುಕೊಂಡಳು.

ಇಬ್ಬರೂ ಬಾಗಿಲು ದಾಟಿ ಇಂಜಿನ್ನಿನ ಸದ್ದಿನ ಕಡೆಗೆ ನಡೆದರು. ರಾಧಾಬಾಯಿ ತನ್ನ ಗಂಡನ ಹೆಸರನ್ನು ತುಟಿಯೊಳಗೇ ಒಮ್ಮೆ ಹೇಳಿ ನೋಡಿಕೊಂಡಳು.