ಕೆರೆದು ಹಾಕಿದ ಹೆಸರು

ಲರ್ಲೀನ್ ಅವರ ಮಗಳು ಡೆಲ್ರೀನ್, ಚರ್ಚಿನ ಹಿರಿಯರೇ, ಹಡರ್ಸ್‌ಫೀಲ್ಡಿನ ನನ್ನ ಜನರೇ — ಎಲ್ಲರಿಗೂ ನಮಸ್ಕಾರ. ಮೊದಲ ಸಾಲಿನಲ್ಲಿರುವ ಎಗ್ಬರ್ಟ್ ಗೇಲ್ ಅವರಿಗೂ ನಮಸ್ಕಾರ. ಬರಲೇಬೇಕೆಂದು ನಾನೇ ಫೋನು ಮಾಡಿ ಕರೆದೆ.

ಇವತ್ತು ನಾವು ಬೀಳ್ಕೊಡುತ್ತಿರುವ ಲರ್ಲೀನ್ ಡೇಕರ್ಸ್, ಗ್ರಂಥಾಲಯದ ಕೆಲಸದಲ್ಲಿ ನನ್ನ ಪಕ್ಕದ ಮೇಜಿನಲ್ಲಿದ್ದರು. ಮಾತು ಕಡಿಮೆ. ಹರೆಯದಲ್ಲಿ ಅವರು ಗೇಲ್ ಅವರ ಸೌಂಡ್ ಸಿಸ್ಟಮ್‌ಗಾಗಿ, ಅಂದರೆ ಸ್ಪೀಕರು, ರೆಕಾರ್ಡು ಹೊತ್ತು ಬೇರೆ ತಂಡಗಳೊಡನೆ ಪೈಪೋಟಿಗಿಳಿದು ಜನರನ್ನು ಕುಣಿಸುತ್ತಿದ್ದ ಅವರ ತಂಡಕ್ಕಾಗಿ, ಜಮೈಕಾದ ಧಾಟಿಯ ಒಂದು ರೆಗೇ ಹಾಡು ಹಾಡಿದ್ದರು — ಒಂದೇ ಹಾಡು. ಇದೇ ಸಭಾಂಗಣದಲ್ಲಿ, ಆಳೆತ್ತರದ ಸ್ಪೀಕರುಗಳ ಮುಂದೆ, ನಿಮ್ಮಲ್ಲಿ ಅನೇಕರು ಅದಕ್ಕೆ ಕುಣಿದಿದ್ದೀರಿ. ತಾಳ ಎದೆಯ ಕೆಳಗೆಲ್ಲೋ ಬಡಿಯುತ್ತಿದ್ದರೆ, ಅದರ ಮೇಲೆ ಆ ದನಿ ಬರಿಗಾಲಲ್ಲಿ ನಡೆಯುತ್ತಿತ್ತು. ಎದುರಾಳಿ ಸಿಸ್ಟಮ್‌ನವರಿಗೆ ಹಾಡು ಯಾರದೆಂದು ತಿಳಿಯಬಾರದು — ಅದಕ್ಕೇ ಗೇಲ್ ರೆಕಾರ್ಡಿನ ಮೇಲಿನ ಹೆಸರನ್ನು ಚಾಕುವಿನಿಂದ ಹೀಗೆ — ಹೀಗೆ — ಕೆರೆದು ಹಾಕಿದರು. ಆಗ ಎಲ್ಲ ಸಿಸ್ಟಮ್‌ನವರೂ ಹಾಗೆ ಮಾಡುತ್ತಿದ್ದರು. ಲರ್ಲೀನ್ ಪಕ್ಕದಲ್ಲೇ ನಿಂತು ನಕ್ಕಿದ್ದರಂತೆ. ನಮ್ಮವರು ಗೆದ್ದರೆ ಸಾಕು ಎಂದು.

ಈಗ ಆ ಹಳೆಯ ಹಾಡುಗಳನ್ನು ಜಗತ್ತು ಮತ್ತೆ ಹುಡುಕುತ್ತಿದೆ. ಹೋದ ವರ್ಷ ಲಂಡನ್ನಿನ ರೆಕಾರ್ಡ್ ಕಂಪನಿಯೊಂದು ಇದನ್ನೂ ಹೊರತಂದಿತು. ಹೊದಿಕೆಯ ಮೇಲೆ ಗೇಲ್ ಅವರ ದೊಡ್ಡ ಫೋಟೋ. ಕೆಳಗೆ — ‘ಗಾಯಕಿ ಅಜ್ಞಾತ.’ ರೇಡಿಯೋದವರು ಕೇಳಿದಾಗಲೂ ಗೇಲ್, “ಯಾರೋ ಹುಡುಗಿ, ಹೆಸರು ನೆನಪಿಲ್ಲ” ಎಂದರು.

ಆ ಹೊತ್ತಿಗೆ ಲರ್ಲೀನ್ ಅವರಿಗೆ ಕಾಯಿಲೆ. ಆದರೂ ಗೇಲ್ ಮನೆಗೆ ಹೋದರು. ಜೊತೆಗೆ ನಾನಿದ್ದೆ.

“ಏನೋ ಎಗ್ಬರ್ಟ್, ನನ್ ಹೆಸ್ರು ಮರ್ತೋಯ್ತಾ?”

“ಮರೀತೀನೇನೇ ಲರ್ಲೀನ್! ಆದ್ರೆ ಯಾರು ಅಂತ ಗೊತ್ತಿಲ್ದಿದ್ರೇನೇ ಜನ ಮುಗಿಬೀಳೋದು. ಲೈಬ್ರರಿ ಅಮ್ಮ ಹಾಡಿದ್ದು ಅಂದ್ರೆ ಯಾರ್ ಕೇಳ್ತಾರೆ?”

“ಹಂಗಾದ್ರೆ ನಿನ್ ಹೆಸ್ರೂ ಕೆರೆದ್ಹಾಕು. ಇನ್ನೂ ಮುಗಿಬೀಳ್ತಾರೆ.”

ಗೇಲ್ ಗಹಗಹಿಸಿ ನಕ್ಕು ಶುಂಠಿ ಕೇಕು ಕೊಟ್ಟರು. ಮುಂದಿನ ಮುದ್ರಣದಲ್ಲಿ ಸರಿಮಾಡಿಸುತ್ತೇನೆ ಎಂದರು. ಮುಂದಿನ ಮುದ್ರಣ ಬಂತು. ಆಸ್ಪತ್ರೆಯ ಹಾಸಿಗೆಯಲ್ಲಿ ಲರ್ಲೀನ್ ಅದನ್ನು ತಿರುಗಿಸಿ ನೋಡಿದರು — ಅಜ್ಞಾತ. ಗೋಡೆಯ ಕಡೆಗೆ ಮುಖ ಮಾಡಿ ಮಲಗಿದವರು ಮತ್ತೆ ಈ ಕಡೆ ತಿರುಗಲಿಲ್ಲ.

ಕ್ಷಮೆಯ ಬಗ್ಗೆ ಪಾದ್ರಿಗಳು ಆಗಲೇ ಮಾತಾಡಿದ್ದಾರೆ. ಚೆನ್ನಾಗಿ ಮಾತಾಡಿದರು. ನಾನು ಅದಕ್ಕಾಗಿ ಬಂದಿಲ್ಲ.

ಅಗೋ, ಆ ಕಂಪನಿಯವರು ಬಾಗಿಲ ಹತ್ತಿರ ನಿಂತಿದ್ದಾರೆ. ಡೆಲ್ರೀನ್ ಕರೆಸಿದ್ದಾಳೆ. ರೇಡಿಯೋದವರೂ ಬಂದಿದ್ದಾರೆ, ಅವರ ಯಂತ್ರ ಓಡುತ್ತಿದೆ. ಎಲ್ಲರೂ ದಯವಿಟ್ಟು ಎದ್ದು ನಿಲ್ಲಿ. ಗೇಲ್ ಅವರೇ, ನೀವು ಇಲ್ಲಿಗೆ ಬನ್ನಿ — ಮೈಕಿನ ಮುಂದೆ. ಆ ಹಾಡು ಹಾಡಿದ್ದು ಯಾರೆಂದು ನಿಮ್ಮ ಬಾಯಿಂದಲೇ ಹೇಳಿ.

ನೀವು ಹೇಳುವವರೆಗೆ ನಾವು ಮೌನವಾಗಿ ನಿಂತಿರುತ್ತೇವೆ. ಒಂದು ನಿಮಿಷ ಎಂದು ನಾನು ಹೇಳುವುದಿಲ್ಲ. ನಮಗೆ ಯಾವ ಅವಸರವೂ ಇಲ್ಲ.