ನೋಡದವರು ಕೊಟ್ಟ ನಾಲ್ಕನೆಯ ಪತ್ರ

ಒಂದು ಪಟ್ಟಣದಲ್ಲಿ ಸಿಮೆಂಟು ಮಾರುವ ಸಾಹುಕಾರನೊಬ್ಬನಿದ್ದ ಎಂದುಕೊಳ್ಳಿ. ಹೆಸರು ಬೇಡ. ಹೆಸರು ಹೇಳಿದರೆ ನೀವು ಕಥೆ ಬಿಟ್ಟು ಅವನ ಮನೆ ಹುಡುಕುತ್ತ ಕೂಡುತ್ತೀರಿ. ಅವನಿಗೆ ಒಬ್ಬಳೇ ಮಗಳು. ಡಾಕ್ಟರಿಕೆ ಓದಿ ಮುಗಿಸಿದ್ದಳು. ಮಕ್ಕಳ ಡಾಕ್ಟರಾಗಬೇಕು ಎನ್ನುವುದೊಂದೇ ಅವಳ ಆಸೆ. ಅದಕ್ಕಾಗಿ ಹೊರದೇಶದ ಒಂದು ದೊಡ್ಡ ಆಸ್ಪತ್ರೆಗೆ ಸೇರಿ, ಅಲ್ಲೇ ಕೆಲಸ ಮಾಡುತ್ತ ಕಲಿಯಬೇಕು. ರೆಸಿಡೆನ್ಸಿ ಎನ್ನುತ್ತಾರೆ ಅದಕ್ಕೆ.

ಅರ್ಜಿಯ ಜೊತೆಗೆ ಶಿಫಾರಸು ಪತ್ರ ಬೇಕು. ಯಾರು ಬರೆಯಬೇಕು? ಇವಳು ರೋಗಿಗಳನ್ನು ನೋಡುವಾಗ ಪಕ್ಕದಲ್ಲಿ ನಿಂತು ಇವಳನ್ನು ನೋಡಿದ ಹಿರಿಯ ಡಾಕ್ಟರು ಬರೆಯಬೇಕು. ಬರೆದದ್ದನ್ನು ಇವಳಿಗೂ ತೋರಿಸುವಂತಿಲ್ಲ, ನೇರವಾಗಿ ಆ ಆಸ್ಪತ್ರೆಗೆ ಕಳಿಸಬೇಕು. ಕಡಿಮೆಯೆಂದರೆ ಮೂರು, ಹೆಚ್ಚೆಂದರೆ ನಾಲ್ಕು. ಹುಡುಗಿಗೆ ಮೂರು ಸಿಕ್ಕವು. ಮೂವರೂ ಅವಳನ್ನು ಬೈದು, ತಿದ್ದಿ, ಕಲಿಸಿದವರು.

"ಅಪ್ಪಾ, ಮೂರು ಸಾಕು. ಕಳಸ್ತೀನಿ," ಎಂದಳು.

ತಾಯಿ ಅಡುಗೆಮನೆಯಿಂದ ಓಡಿ ಬಂದಳು. ನೋಡಿ, ಆ ತಾಯಿ ಗಂಡನ ತಾಟಿಗೆ ಎಂದೂ ಬರೀ ಮೂರು ರೊಟ್ಟಿ ಹಾಕಿದವಳಲ್ಲ. ಮೂರನೆಯದು ಹಾಕಿದರೆ ಜೊತೆಗೊಂದು ಚೂರು ಮುರಿದು ಇಡುತ್ತಿದ್ದಳು. "ಯವ್ವಾ, ಮೂರು ಬ್ಯಾಡ! ಒಳ್ಳೆ ಕೆಲಸಕ್ಕ ಯಾರರ ಮೂರು ಕಳಸ್ತಾರೇನ?" ನಗುತ್ತೀರಾ? ನಗಿ, ನಗಿ. ನಿಮ್ಮ ಮನೆಯಲ್ಲೂ ಇದೇ ನಡೆಯುತ್ತದೆ, ನನಗೆ ಗೊತ್ತು.

ಸಾಹುಕಾರನಿಗೆ ಮೂರರ ಭಯ ಅಷ್ಟಿರಲಿಲ್ಲ. ಖಾಲಿ ಬಿಟ್ಟ ಜಾಗದ ಭಯ ಇತ್ತು. "ನಾಲ್ಕರ ತನಕ ಕೊಡ್ರಿ ಅಂತ ಅವರ ಹೇಳ್ಯಾರ. ಮೂರ ಕೊಟ್ರ, ಈಕಿಗೆ ಮಂದಿ ಇಲ್ಲ ಅಂತಾರ. ನಾಲ್ಕನೇದ್ದು ನಾ ತರ್ತೀನಿ, ಬಿಡು."

"ಅಪ್ಪಾ, ನನ್ನ ಕೆಲಸ ನೋಡಿದವರು ಬರೀಬೇಕು."

"ನನ್ನ ನೋಡ್ಯಾರಲ್ಲ, ಸಾಕು!" ಎಂದ ಅಪ್ಪ. ಅವನ ಹುರುಪು ನೋಡಿ ಬೇಡ ಎನ್ನಲು ಅವಳಿಗೆ ಮನಸ್ಸು ಬರಲಿಲ್ಲ.

ಮಹಾನಗರದಲ್ಲಿ ಒಬ್ಬರು ಭಾರಿ ಹೆಸರಿನ ಡಾಕ್ಟರು. ಅವರ ಆಸ್ಪತ್ರೆ ಕಟ್ಟುವಾಗ ಸಿಮೆಂಟು ಹೋದದ್ದು ಇವನ ಅಂಗಡಿಯಿಂದ. ಸಾಹುಕಾರ ಅವರ ಬಳಿ ಹೋಗಿ ಪತ್ರ ಕೇಳಿದ. "ಸಾಹುಕಾರ್ರ ಮಗಳು ಅಂದ್ರ ನಮ್ಮ ಮಗಳಿದ್ದಂಗ," ಎಂದು ಗುಮಾಸ್ತನನ್ನು ಕರೆದು ಬರೆಯಲು ಹೇಳಿಬಿಟ್ಟರು. ಇವಳ ಕೆಲಸವನ್ನು ಎಲ್ಲಿ, ಯಾವಾಗ ನೋಡಿದಿರಿ ಎಂದು ಪತ್ರದ ನಮೂನೆಯಲ್ಲೊಂದು ಪ್ರಶ್ನೆ ಇತ್ತು. ಗುಮಾಸ್ತ ಏನು ಮಾಡಬೇಕು, ಪಾಪ? 'ಕಳೆದ ಮಳೆಗಾಲ, ನಮ್ಮ ಆಸ್ಪತ್ರೆಯಲ್ಲಿ' ಎಂದು ಬರೆದ. ಸಾಹೇಬರು ಓದದೆ ಸಹಿ ಹಾಕಿದರು. ಪತ್ರ ಹೋಯಿತು.

ಸಂದರ್ಶನದ ದಿನ ಬಂತು. ಮಗಳು ಕೋಣೆಯೊಳಗೆ ಕಂಪ್ಯೂಟರಿನ ಮುಂದೆ. ಸಾಹುಕಾರ ಪಡಸಾಲೆಯಲ್ಲಿ ಪೇಢೆಯ ಡಬ್ಬಿ ಇಟ್ಟುಕೊಂಡು ಕೂತಿದ್ದ. ಬಹಳ ಬೇಗ ಬಾಗಿಲು ತೆರೆಯಿತು. ಮಗಳ ಮುಖ ನೋಡಿ ಅವನು ಎದ್ದು ನಿಂತ.

"ಏನ್ ಕೇಳಿದ್ರು, ತಂಗೀ?"

"ಹೋದ ಮಳಿಗಾಲದಾಗ ಎಲ್ಲಿದ್ದಿ ಅಂತ ಕೇಳಿದ್ರು. ಜಿಲ್ಲಾ ಆಸ್ಪತ್ರಿ ಮಕ್ಕಳ ವಾರ್ಡಿನಾಗ ಇದ್ಲು ಅಂತ ಒಂದು ಪತ್ರದಾಗ ಐತಂತ. ಮಹಾನಗರದಾಗ ಇದ್ಲು ಅಂತ ಇನ್ನೊಂದ್ರಾಗ. ಯಾವುದು ಸುಳ್ಳು ಅಂದ್ರು."

"ನೀ ಏನಂದಿ?"

"ಖರೇ ಹೇಳಿದೆ. ಆ ದೊಡ್ಡ ಡಾಕ್ಟರ್ ನನ್ನ ಕೆಲಸ ನೋಡೇ ಇಲ್ಲ ಅಂದೆ. ಹಂಗಾರ ಉಳಿದ ಮೂರನ್ನ ಹೆಂಗ ನಂಬೋದು ಅಂದ್ರು." ಅವಳಿಗೆ ಅಳು ಬಂತು. "ಡೆಂಗಿ ಜ್ವರದ ಕೂಸುಗಳನ್ನ ಬಿಟ್ಟು ಮನೀಗೆ ಬರಾಕ ಆಗ್ತಿರಲಿಲ್ಲ. ಆ ವಾರ್ಡಿಗೆ ದಿನಾ ಬುತ್ತಿ ತಂದು ಕೊಟ್ಟಾವ ನೀನ ಅಲ್ಲೇನಪ್ಪಾ? ನಾ ಎಲ್ಲಿದ್ದೆ ಅಂತ ನಿನಗ ಗೊತ್ತಿರಲಿಲ್ಲೇನು?"

ಗೊತ್ತಿತ್ತು. ಗೊತ್ತಿರದೆ ಏನು? ವಾರ್ಡಿನ ಬಾಗಿಲಲ್ಲಿ ನಿಂತು, ಮಗಳು ಕೂಸಿನ ಕೈಗೆ ಸಲೈನು ಹಚ್ಚುವುದನ್ನು ಅವನೇ ಕಣ್ಣಾರೆ ಕಂಡಿದ್ದ. ಆದರೂ ಅದು ಸಾಲದು ಎನ್ನಿಸಿತ್ತಲ್ಲ! ಸಾಹುಕಾರ ಪೇಢೆಯ ಡಬ್ಬಿ ಮುಚ್ಚಿ ಒಳಗೆ ಇಟ್ಟು ಬಂದ.

ಆ ವರ್ಷ ಸೀಟು ಸಿಗಲಿಲ್ಲ. ಅಷ್ಟೇ ಅಲ್ಲ, ಜಿಲ್ಲಾ ಆಸ್ಪತ್ರೆಯಿಂದ ಪತ್ರ ಬರೆದಿದ್ದ, ಜನ್ಮದಲ್ಲಿ ಒಂದು ಸುಳ್ಳೂ ಬರೆಯದ ಹಿರಿಯ ಮಕ್ಕಳ ಡಾಕ್ಟರಿಗೆ ಹೊರದೇಶದ ಆ ಆಸ್ಪತ್ರೆಯಿಂದ ಫೋನು ಬಂತು. ನೀವು ಬರೆದದ್ದಾದರೂ ನಿಜವೇ ಎಂದು ಕೇಳಿದರು. ಹೇಳಿ, ಅವರೇನು ತಪ್ಪು ಮಾಡಿದ್ದರು?

ಮರುವರ್ಷ ಹುಡುಗಿ ಮೂರೇ ಪತ್ರ ಕಳಿಸಿದಳು. ಸೀಟು ಸಿಕ್ಕಿತೇ? ನಾನು ಹೇಳುವುದಿಲ್ಲ. ಸಿಕ್ಕಿತು ಎಂದರೆ ಚಪ್ಪಾಳೆ ಹೊಡೆದು ಮನೆಗೆ ಹೋಗಿಬಿಡುತ್ತೀರಿ.

ಈಗ ನಿಮ್ಮ ಮಾತಿಗೆ ಬರುತ್ತೇನೆ. ಮಗನಿಗೆ ನೌಕರಿ ಬೇಕು, ಹಿಡಿಯಿರಿ ಶಾಸಕರ ಕಾಲು. ಮಗಳಿಗೆ ವರ ಬೇಕು, ಕರೆದುಕೊಂಡು ಬನ್ನಿ ಕಾರಿನಲ್ಲಿ ಓಡಾಡುವ ದೊಡ್ಡವರನ್ನು. ನಿಮ್ಮ ಮಕ್ಕಳನ್ನು ಅವರು ನೋಡಿದ್ದಾರೆಯೇ? ಇಲ್ಲ. ನೋಡಿದವರು ಪಕ್ಕದ ಮನೆಯಲ್ಲೇ ಇದ್ದಾರೆ, ಅವರ ಮಾತು ನಿಮಗೆ ಬೇಡ. ನಾಳೆಯಿಂದ ಇದನ್ನು ಬಿಡಿ. ನಿಮ್ಮ ಮುಂದೆ ಯಾರಾದರೂ ಕಾಗದ ಹಿಡಿದು ನಿಂತರೆ, ನೀವು ಕಣ್ಣಾರೆ ನೋಡದವರಿಗೆ ಸಹಿ ಹಾಕುವುದನ್ನೂ ಬಿಡಿ. ಒಂದು ಸುಳ್ಳು ಸೇರಿದರೆ ಪಕ್ಕದಲ್ಲಿರುವ ಖರೆಯೂ ಕೆಡುತ್ತದೆ.

ಪ್ರವಚನ ಮುಗಿದ ಮೇಲೆ ಮಠದ ಶಿಫಾರಸು ಪತ್ರ ಕೇಳಲು ನಿಮ್ಮಲ್ಲಿ ಕೆಲವರು ಬಂದಿದ್ದೀರಿ, ನನಗೆ ತಿಳಿದಿದೆ. ಬೇಸರ ಮಾಡಿಕೊಳ್ಳಬೇಡಿ. ಇವತ್ತು ಪತ್ರ ಇಲ್ಲ. ಪತ್ರ ಬೇಕಾದ ಹುಡುಗನನ್ನು ಇಲ್ಲಿ ಬಿಟ್ಟು ಹೋಗಿ. ಒಂದು ತಿಂಗಳು ದಾಸೋಹದಲ್ಲಿ ಬಡಿಸಲಿ, ಎಂಜಲು ಎತ್ತಲಿ, ನನ್ನಿಂದ ಬೈಸಿಕೊಳ್ಳಲಿ. ಕಣ್ಣಾರೆ ನೋಡುತ್ತೇನೆ. ಆಮೇಲೆ ಕಂಡದ್ದನ್ನು ಕಂಡಂತೆ ನನ್ನ ಕೈಯಾರೆ ಬರೆಯುತ್ತೇನೆ. ಒಪ್ಪಿಗೆಯಿದ್ದವರು ಈಗಲೇ ಕರೆದುಕೊಂಡು ಬನ್ನಿ.