ಅಚ್ಚು ಹಾಕಿಸಿಟ್ಟ ಸುಳ್ಳು

ಅಂಗವಿಕಲರ ಪಿಂಚಣಿ ಕಚೇರಿಯ ಕಿಟಕಿ ಮುಂದಿನ ಸಾಲಿನಲ್ಲಿ ನಿಂತಿದ್ದ ದರ್ಜಿಯ ಕಿವಿಗೆ, ಮುಂದಿದ್ದ ಅಕ್ಕ ತಮ್ಮಂದಿರ ಮಾತು ಬಿತ್ತು. ತಮ್ಮನಿಗೆ ಒಂದು ಕಾಲಿರಲಿಲ್ಲ.

“ಎರಡು ಕಾಲೂ ಇಲ್ಲ ಅಂತ ಬರ್ಕೊಂಡು ಹೆಚ್ಚಿಗೆ ದುಡ್ಡು ಹಾಕಿದ್ದು ಈ ಕಚೇರಿಯವರೇ ಅಲ್ವೇನಕ್ಕಾ?”

“ಅವರೇ ಕಣೋ.”

“ಒಂದಿದೆ ಸ್ವಾಮಿ ಅಂತ ನಾನೇ ಕುಂಟ್ಕೊಂಡು ಬಂದು ಹೇಳಿದ್ನಲ್ಲ!”

“ಈಗ ‘ಸುಳ್ಳು ಹೇಳಿ ಪಡೆದೆ’ ಅಂತ ಸಹಿ ಹಾಕಿದ್ರೆ ಆ ಹೆಚ್ಚಿನ ದುಡ್ಡನ್ನ ಕಂತಲ್ಲಿ ಹಿಡ್ಕೋತಾರಂತೆ. ಇಲ್ದಿದ್ರೆ ಪಿಂಚಣಿನೇ ಬಂದ್. ಈ ಕಾಗದ ನೋಡು, ಹೆಸರು ತುಂಬೋಕೆ ಜಾಗ ಬಿಟ್ಟು ಅಚ್ಚು ಹಾಕ್ಸಿಟ್ಟಿದಾರೆ.”

“ಥೂ! ತಪ್ಪು ಅವರದು, ಕಳ್ಳ ನಾನು. ಹಾಕಲ್ಲ.”

“ಮಾತ್ರೆಗೇನು ಮಾಡ್ತೀಯೋ?”

“ನೋವು ತಿಂತೀನಿ. ನಡಿ.”

ಊರುಗೋಲು ಟಕಟಕನೆ ಮೆಟ್ಟಿಲಿಳಿಯಿತು. ಸಾಲು ಮುಂದೆ ಸರಿಯಿತು. ಆ ಕಿಟಕಿಯತ್ತ ಇನ್ನೊಂದು ಹೆಜ್ಜೆ ಇಡಲು ದರ್ಜಿಗೆ ಹೇಸಿಗೆಯಾಯಿತು.